ಮೂತ್ರಪಿಂಡ ಧಮನಿಗಳ ಇಕ್ಕಟ್ಟು: ವ್ಯಾಪ್ತಿವಿಚಾರ

ಧಮನಿಗಳ ಒಳಪೊರೆಯಲ್ಲಿ ಮೇದಸ್ಸು ಸಂಚಯವಾಗಿ, ಅವುಗಳ ಗೋಡೆಯು ದಪ್ಪನಾಗಿಯೂ ಗಡುಸಾಗಿಯೂ ಪರಿಣಮಿಸುವ ವ್ಯಾಧಿಗೆ ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಅಥೆರೊಸ್ಕ್ಲೆರೋಸಿಸ್ ಎಂದು ಹೆಸರು. ಹೃದಯದ ಧಮನಿಗಳಲ್ಲಿ ಈ ವ್ಯಾಧಿಯು ಬಲಿತರೆ ಹೃದಯಾಘಾತವೂ, ಮಿದುಳಿನ ಧಮನಿಗಳಲ್ಲಿ ಬಲಿತರೆ ಪಾರ್ಶ್ವವಾಯುವೂ, ಕಾಲಿನ ಧಮನಿಗಳಲ್ಲಿ ಬಲಿತರೆ ನಡೆಯುವಾಗ ಮೀನಖಂಡಗಳಲ್ಲಿ ನೋವೂ ಉಂಟಾಗುವುವೆಂಬುದು ಈಗ ಬಹುಜನವಿದಿತವಾದ ಸಂಗತಿ. ಇದೇ ವ್ಯಾಧಿಯು ಮೂತ್ರಪಿಂಡಗಳಿಗೆ ರಕ್ತವನ್ನೊಯ್ಯುವ ಧಮನಿಗಳನ್ನೂ ಆಕ್ರಮಿಸಿ ಅವುಗಳ ದ್ವಾರವನ್ನು ಕಿರಿದು ಮಾಡುವುದೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಹಾಗೆ ಕಿರಿದಾದ ಧಮನಿಯಿಂದ ಕೆಲವರಲ್ಲಿ ರಕ್ತದ ಒತ್ತಡವು ಏರುವುದು. ಕೆಲವರಲ್ಲಿ ಮೂತ್ರಪಿಂಡವು ಕ್ರಮೇಣ ಕೃಶವಾಗಿ ಸೊರಗುವುದು. ಇನ್ನು ಅನೇಕರಲ್ಲಿ ಯಾವ ಬಾಧೆಯೂ ತೋರದೆಯೇ ಆಯುಷ್ಯವು ಕಳೆಯುವುದು.

ಶರೀರದ ಬೇರೆ ಭಾಗಗಳಲ್ಲಿ ಈ ವ್ಯಾಧಿಯುಳ್ಳ ೧೦೦ ಮಂದಿಯನ್ನು ಪರೀಕ್ಷಿಸಿದರೆ, ಅವರಲ್ಲಿ ಎಷ್ಟು ಮಂದಿಗೆ ಮೂತ್ರಪಿಂಡದ ಧಮನಿಯೂ ಕಿರಿದಾಗಿರುವುದು? ಈ ಪ್ರಶ್ನೆಗೆ ವೈದ್ಯಗ್ರಂಥಗಳಲ್ಲಿ ದೊರೆಯುವ ಉತ್ತರಗಳು ಒಂದಕ್ಕೊಂದು ಬಹು ದೂರವಾಗಿವೆ. ಒಂದು ಗ್ರಂಥವು ೧೦ ಎಂದರೆ ಇನ್ನೊಂದು ೨೫ ಎನ್ನುವುದು, ಮತ್ತೊಂದು ೩೯ ಎನ್ನುವುದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಈ ಭೇದವು ಹೇಗೆ ಬಂದಿತು, ಒಂದೊಂದು ಸಂಖ್ಯೆಯನ್ನೂ ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯವು ಪಂಡಿತರ ವಿನೋದಕ್ಕೆ ಮಾತ್ರ ಸೇರಿದುದೆಂದು ಭಾವಿಸಬಾರದು. ಧಮನಿಯ ಇಕ್ಕಟ್ಟಿಗೂ ರಕ್ತದ ಒತ್ತಡಕ್ಕೂ ಇರುವ ಸಂಬಂಧವನ್ನು ಆತುರದಿಂದ ನಿಶ್ಚಯಿಸಿದ ಕಾಲವೊಂದಿತ್ತು. ಆ ಕಾಲದಲ್ಲಿ ನೂರಾರು ರೋಗಿಗಳು ಒಂದೊಂದು ಮೂತ್ರಪಿಂಡವನ್ನು ತೆಗೆಯಿಸಿಕೊಂಡೂ ಗುಣವನ್ನು ಕಾಣದೆ ಹೋದರು.

೧. ಶಬ್ದವಿಚಾರ

ಮೊದಲು ಹೆಸರುಗಳನ್ನು ಪರಾಮರ್ಶಿಸುವುದು ಯುಕ್ತ. ಗ್ರೀಕ್ ಭಾಷೆಯಲ್ಲಿ ಅಥೆರೆ ಎಂಬ ಶಬ್ದಕ್ಕೆ ಹಿಟ್ಟಿನ ಗಂಜಿ ಅಥವಾ ಅಂಬಲಿ ಎಂದರ್ಥ; ಸ್ಕ್ಲೆರೋಸಿಸ್ ಎಂದರೆ ಕಾಠಿನ್ಯ. ಜರ್ಮನಿಯ ವಿದ್ವಾಂಸನಾದ ಫೆಲಿಕ್ಸ್ ಮಾರ್ಶಾಂಡನು ೧೯೦೪ರಲ್ಲಿ ಈ ಎರಡನ್ನೂ ಕೂಡಿಸಿ ವ್ಯಾಧಿಗೆ ಹೆಸರನ್ನಿಟ್ಟನು. ವ್ಯಾಧಿಗ್ರಸ್ತವಾದ ಧಮನಿಯನ್ನು ಸೀಳಿ ನೋಡಿದರೆ ಒಳಪೊರೆಯಲ್ಲಿ ಅಲ್ಲಲ್ಲಿ ದಿಬ್ಬಗಳು ಕಾಣುವುವು. ದಿಬ್ಬದ ಮೇಲ್ಭಾಗವು ಗಡುಸು, ಒಳಗಿನದು ಹಳದಿ ಬಣ್ಣದ ಮೆತ್ತನೆಯ ಪದಾರ್ಥ. ಆದುದರಿಂದ ಅಂಬಲಿಯೂ ಕಾಠಿನ್ಯವೂ ಕೂಡಿದ ಈ ಹೆಸರು ಅನ್ವರ್ಥವಾದುದು. ಕನ್ನಡದಲ್ಲಿ ರೂಢವಾಗಿರುವ ಧಮನೀಕಾಠಿನ್ಯವೆಂಬ ಮಾತಿನಲ್ಲಿ ಉತ್ತರಾರ್ಧವು ಮಾತ್ರ ಬಂದಿದೆ. ಅಂಬಲಿಯ ಅಂಶವು ಬಿಟ್ಟುಹೋಗಿದೆ. ನಿಜವಾಗಿ ನೋಡಿದರೆ, ಧಮನಿಗಳು ಯಾವ ಕಾರಣದಿಂದ ಗಡುಸಾದರೂ ಧಮನೀಕಾಠಿನ್ಯವೇ ಸರಿ. ಮೇದಸ್ಸಂಚಯದಿಂದಾಗುವುದು ಅದರ ಒಂದು ಭೇದ. ಬಳಕೆಯು ನಿಂತಿರುವುದರಿಂದ ಇಲ್ಲಿಯೂ ಆ ಮಾತನ್ನೇ ಈ ವಿಶೇಷಾರ್ಥದಲ್ಲಿ ಉಪಯೋಗಿಸಿದೆ. ಪಾಠಪುಸ್ತಕಗಳಲ್ಲಿ ಅಪಧಮನಿಯೆಂದು ಕರೆಯುವುದನ್ನೇ ಇಲ್ಲಿ ಧಮನಿಯೆಂದು ಹೇಳಿದೆ.

ಧಮನಿಯ ದ್ವಾರವು ಕಿರಿದಾಗುವುದಕ್ಕೆ ಸ್ಟೆನೋಸಿಸ್ ಎಂದು ಹೆಸರು. ಇದನ್ನು ಕೆಲವರು ಸಂಕೋಚವೆಂದು ಅನುವಾದಿಸುವರು. ಆದರೆ ಸಂಕೋಚವು ಒಂದು ವ್ಯಾಪಾರ. ಹೃದಯವು ಕ್ಷಣಕ್ಷಣಕ್ಕೂ ಸಂಕೋಚ ವಿಕಾಸಗಳನ್ನು ಹೊಂದುತ್ತಿರುವುದು, ಧಮನಿಗಳೂ ಆರೋಗ್ಯದಲ್ಲಿಯೇ ಸಂಕೋಚಗೊಳ್ಳುವುವು. ಇಲ್ಲಿ ವಿವಕ್ಷಿತವಾದುದು ವ್ಯಾಪಾರವಲ್ಲ, ಹಾಗೆಯೇ ನಿಂತುಬಿಟ್ಟ ಸ್ಥಿತಿ. ಎರಡು ಮನೆಗಳ ಗೋಡೆಗಳು ಮುಂಚಾಚಿ ಓಣಿಯು ಇಕ್ಕಟ್ಟಾಯಿತೆಂದು ಹೇಳುವಂತೆ, ಗೋಡೆಯು ಬೆಳೆದು ದಾರಿಯು ಕಿರಿದಾದ ಈ ಸ್ಥಿತಿಗೆ ಇಕ್ಕಟ್ಟೆಂಬ ದೇಶ್ಯಪದವೇ ಚೆನ್ನಾಗಿ ಒಪ್ಪುವುದು.

ಇನ್ನು ಮೂತ್ರಪಿಂಡ. ಇದಕ್ಕೆ ಆಯುರ್ವೇದದಲ್ಲಿ ವೃಕ್ಕವೆಂದು ಹೆಸರು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೃಕ್ಕಗಳನ್ನು ಮೇದೋವಹ ಸ್ರೋತಸ್ಸುಗಳಿಗೆ ಮೂಲವೆಂದು ಹೇಳಿದೆ; ಮೂತ್ರವಹ ಸ್ರೋತಸ್ಸುಗಳಿಗೆ ಬಸ್ತಿಯನ್ನು ಮೂಲಗಳಲ್ಲಿ ಒಂದಾಗಿ ಹೇಳಿದೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಕಫದಿಂದಾಗುವ ೨೦ ವಿಕಾರಗಳನ್ನು ಎಣಿಸುವಲ್ಲಿ ಧಮನೀಪ್ರತಿಚಯವೆಂಬುದೊಂದಿದೆ. ಧಮನಿಗಳಲ್ಲಿ ಸಂಚಯವಾಗುವುದು ಎಂದು ಅದರ ಶಬ್ದಾರ್ಥ. ಇವೆರಡನ್ನೂ ಜೋಡಿಸಿ, ಮೂತ್ರಪಿಂಡ ಧಮನಿಗಳ ಮೇದಸ್ಸಂಚಯವು ಪ್ರಾಚೀನರಿಗೆ ವಿದಿತವಾಗಿತ್ತೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಸಂಹಿತೆಯಲ್ಲಿ ಧಮನೀಪ್ರತಿಚಯದ ಹೆಸರುಂಟು. ಯಾವ ಧಮನಿ, ಯಾವ ದ್ರವ್ಯ, ಯಾವ ಫಲ ಎಂಬ ವಿವರಣೆಯು ಆ ಪಟ್ಟಿಯಲ್ಲಿಲ್ಲ. ಹೆಸರಿನ ಸಾಮ್ಯವು ವಸ್ತುವಿನ ಐಕ್ಯಕ್ಕೆ ಪ್ರಮಾಣವಾಗಲಾರದು. ವ್ಯಾಧಿಯು ಪ್ರಾಚೀನವೆಂಬುದಕ್ಕೆ ಬೇರೆ ಪ್ರತ್ಯಕ್ಷ ಪ್ರಮಾಣವೇ ಉಂಟು. ಮಾರ್ಕ್ ಅರ್ಮಾಂಡ್ ರಫರನು ೧೯೧೧ರಲ್ಲಿ ಈಜಿಪ್ಟಿನ ಮಮ್ಮಿಗಳ ಧಮನಿಗಳಲ್ಲಿ ಈ ವಿಕಾರವನ್ನು ವರ್ಣಿಸಿದನು. ಈಜಿಪ್ಟ್, ಪೆರು, ಉತ್ತರ ಅಮೆರಿಕದ ನೈರುತ್ಯ ಭಾಗ, ಅಲ್ಯೂಷಿಯನ್ ದ್ವೀಪಗಳು, ಈ ನಾಲ್ಕು ಪ್ರದೇಶಗಳ ೧೩೭ ಮಮ್ಮಿಗಳನ್ನು ಕ್ಷಕಿರಣಯಂತ್ರದಿಂದ ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯಲ್ಲಿ, ೪೭ರಲ್ಲಿ ಧಮನೀಕಾಠಿನ್ಯದ ಚಿಹ್ನೆಗಳು ಕಂಡುಬಂದವೆಂದು ಹೇಳಿದೆ.

೨. ಅಂಗದ ಸ್ವರೂಪ

ಹೃದಯದಿಂದ ಹೊರಟ ಮಹಾಧಮನಿಯು ಬೆನ್ನುಮೂಳೆಯ ಮುಂಭಾಗದಲ್ಲಿ ಕೆಳಕ್ಕಿಳಿಯುತ್ತ, ಹೊಟ್ಟೆಯ ಮೇಲ್ಭಾಗದಲ್ಲಿ ಎಡಕ್ಕೂ ಬಲಕ್ಕೂ ಒಂದೊಂದು ಶಾಖೆಯನ್ನು ಕೊಡುವುದು. ಇವೇ ಮೂತ್ರಪಿಂಡದ ಧಮನಿಗಳು. ಮೂತ್ರಪಿಂಡವೊಂದರ ತೂಕ ೧೫೦ ಗ್ರಾಮಿನಷ್ಟು. ಎರಡೂ ಸೇರಿದರೂ ಶರೀರದ ತೂಕದಲ್ಲಿ ೨೦೦ರಲ್ಲೊಂದು ಪಾಲಿನಷ್ಟೇ. ಆದರೂ ಹೃದಯವು ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು, ಎಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರು, ಇವುಗಳ ಮೂಲಕ ಹಾದುಹೋಗುವುದು. ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವವು ಇಲ್ಲಿ ಸೋಸಲ್ಪಟ್ಟು, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಉಳಿದು, ಮಿಕ್ಕುದೆಲ್ಲವೂ ರಕ್ತಕ್ಕೆ ಹಿಂದಿರುಗುವುದು. ಇಷ್ಟು ರಕ್ತದ ಬರವನ್ನು ಸದಾ ಅಪೇಕ್ಷಿಸುವ ಅಂಗಕ್ಕೆ ದಾರಿಯು ಕಿರಿದಾದರೆ ಅದರ ಪರಿಣಾಮವು ಸರ್ವಶರೀರಕ್ಕೂ ಮುಟ್ಟುವುದು ಸಹಜವೇ ಆಗಿದೆ.

ಈ ಇಕ್ಕಟ್ಟಿಗೆ ಧಮನೀಕಾಠಿನ್ಯವೊಂದೇ ಕಾರಣವಲ್ಲ. ಧಮನಿಯ ಗೋಡೆಯ ಸ್ನಾಯುತಂತುಗಳು ವಿಕೃತವಾಗಿ ಬೆಳೆಯುವುದರಿಂದಲೂ ಇಕ್ಕಟ್ಟು ಉಂಟಾಗಬಹುದು. ಇದು ಹೆಚ್ಚಾಗಿ ಸ್ತ್ರೀಯರಲ್ಲಿ, ಅನೇಕ ವೇಳೆ ಎಳೆಯ ವಯಸ್ಸಿನಲ್ಲಿಯೇ ತೋರುವುದು. ಭಾರತದಲ್ಲಿಯೂ ಪೂರ್ವದ ಇತರ ದೇಶಗಳಲ್ಲಿಯೂ ತಕಯಾಸು ವ್ಯಾಧಿಯೆಂಬ ಧಮನಿಗಳ ಉರಿಯೂತವು ತರುಣರಲ್ಲಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಜಪಾನಿನ ನೇತ್ರವೈದ್ಯನಾದ ಮಿಕಿಟೊ ತಕಯಾಸು ಅದರ ನೇತ್ರಲಕ್ಷಣಗಳನ್ನು ೧೯೦೮ರಲ್ಲಿ ವರ್ಣಿಸಿದನು. ಆದರೆ ವಯಸ್ಸಾದವರಲ್ಲಿ ಕಾಣುವ ಇಕ್ಕಟ್ಟಿಗೆ ಬಹುಮಟ್ಟಿಗೆ ಧಮನೀಕಾಠಿನ್ಯವೇ ಕಾರಣ. ಸ್ಥಾನದಿಂದಲೂ ಈ ಭೇದವನ್ನು ಊಹಿಸಬಹುದು. ಸ್ನಾಯುತಂತುಗಳ ವಿಕಾರವು ಧಮನಿಯ ಮಧ್ಯಭಾಗದಲ್ಲಿಯೋ ಕೊನೆಯಲ್ಲಿಯೋ ತೋರುವುದು. ಧಮನೀಕಾಠಿನ್ಯದ ಇಕ್ಕಟ್ಟು ಬಾಯಿಯಲ್ಲಿಯೇ, ಎಂದರೆ ಮಹಾಧಮನಿಯಿಂದ ಶಾಖೆಯು ಒಡೆಯುವ ಸ್ಥಳದಲ್ಲಿಯೇ, ಪ್ರಾಯಿಕವಾಗಿ ಇರುವುದು. ಅನೇಕರಲ್ಲಿ ಅದು ಮಹಾಧಮನಿಯ ಗೋಡೆಯ ದಿಬ್ಬವೇ ಶಾಖೆಯ ಬಾಯಿಗೆ ಚಾಚಿಕೊಂಡುದಾಗಿರುವುದು. ಈ ಅಂಶವನ್ನು ನೆನಪಿನಲ್ಲಿಟ್ಟರೆ ಮುಂದೆ ಬರುವ ಸಂಖ್ಯೆಗಳು ಸುಲಭವಾಗಿ ಅರ್ಥವಾಗುವುವು.

೩. ಕಾರ್ಯಕಾರಣಭಾವದ ಶೋಧ

ಮೂತ್ರಪಿಂಡದ ರೋಗಕ್ಕೂ ಹೃದಯದ ವೃದ್ಧಿಗೂ ಸಂಬಂಧವಿರುವುದನ್ನು ಲಂಡನ್ನಿನ ರಿಚರ್ಡ್ ಬ್ರೈಟನು ೧೮೩೬ರಲ್ಲಿಯೇ ಗುರುತಿಸಿದ್ದನು. ೧೮೯೮ರಲ್ಲಿ ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಮೊಲದ ಮೂತ್ರಪಿಂಡದಿಂದ ತೆಗೆದ ಸಾರವನ್ನು ಬೇರೆ ಮೊಲಗಳ ರಕ್ತಕ್ಕೆ ಸೇರಿಸಿ, ಅದರಿಂದ ರಕ್ತದ ಒತ್ತಡವು ಏರುವುದನ್ನು ಕಂಡು, ಆ ಸಾರಕ್ಕೆ ರೆನಿನ್ ಎಂದು ಹೆಸರಿಟ್ಟರು. ಆಮೇಲೆ ಮೂರು ದಶಕಗಳಿಗೂ ಮೇಲ್ಪಟ್ಟು ಈ ಶೋಧವನ್ನು ವೈದ್ಯಲೋಕವು ಬಹುಮಟ್ಟಿಗೆ ಮರೆತಿತ್ತು.

೧೯೩೪ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಹ್ಯಾರಿ ಗೋಲ್ಡ್‌ಬ್ಲಾಟನು ಪ್ರಕಟಿಸಿದ ಪ್ರಯೋಗಗಳಿಂದ ವಿಷಯವು ಪುನರುಜ್ಜೀವನಗೊಂಡಿತು. ಆತನು ನಾಯಿಗಳ ಮೂತ್ರಪಿಂಡ ಧಮನಿಗಳಿಗೆ ಬೆಳ್ಳಿಯ ಚಿಮಟವನ್ನು ತೊಡಿಸಿ, ದಾರಿಯನ್ನು ಪೂರ್ತಿಯಾಗಿ ಮುಚ್ಚದೆ ಕಿರಿದು ಮಾಡಿದನು. ಎರಡು ಪಕ್ಕಗಳಲ್ಲಿಯೂ ಕಿರಿದು ಮಾಡಿದಾಗ ಒತ್ತಡವು ಏರಿ ಹಾಗೆಯೇ ನಿಂತಿತು. ಪ್ಲೀಹದ ಧಮನಿಯನ್ನಾಗಲಿ ತೊಡೆಯ ಧಮನಿಯನ್ನಾಗಲಿ ಹಾಗೆಯೇ ಕಿರಿದು ಮಾಡಿದಾಗ ಒತ್ತಡವು ಏರಲಿಲ್ಲ. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು ಎಂಬ ಅನ್ವಯವ್ಯತಿರೇಕಗಳೆರಡೂ ಇಲ್ಲಿ ಪ್ರಯೋಗದಿಂದಲೇ ಸಿದ್ಧವಾದವು. ಇದರ ಕ್ರಮವು ಅನಂತರ ವಿಶದವಾಯಿತು. ಧಮನಿಯ ಇಕ್ಕಟ್ಟಿನಿಂದಾಚೆಗೆ ರಕ್ತದ ಒತ್ತಡವು ಕುಗ್ಗಿದಾಗ ಮೂತ್ರಪಿಂಡವು ರೆನಿನ್ನನ್ನು ಸ್ರವಿಸುವುದು. ಅದರ ಕ್ರಿಯೆಯಿಂದ ರಕ್ತದಲ್ಲಿ ಆಂಜಿಯೊಟೆನ್ಸಿನ್ ಎಂಬ ದ್ರವ್ಯವು ಹುಟ್ಟಿ, ಸಣ್ಣ ಧಮನಿಗಳನ್ನು ಬಿಗಿಹಿಡಿಸಿ, ಉಪ್ಪನ್ನೂ ನೀರನ್ನೂ ಶರೀರದಲ್ಲಿ ತಡೆದು ನಿಲ್ಲಿಸುವುದು. ಅದರಿಂದ ಸರ್ವಶರೀರದ ಒತ್ತಡವು ಏರುವುದು. ಮೂತ್ರಪಿಂಡವು ತನಗೆ ಬೇಕಾದ ರಕ್ತವನ್ನು ಪಡೆಯುವುದಕ್ಕಾಗಿ ಮಾಡುವ ಉಪಾಯವೇ ಇತರ ಅಂಗಗಳಿಗೆ ಅಪಾಯವಾಗಿ ಪರಿಣಮಿಸುವುದು.

ಇಷ್ಟರಿಂದ ವೈದ್ಯರಲ್ಲಿ ಮಹತ್ತಾದ ಆಶೆಯು ಹುಟ್ಟಿತು. ೧೯೩೮ರಲ್ಲಿ ಲೆಡ್‌ಬೆಟರ್ ಮತ್ತು ಬರ್ಕ್‌ಲೆಂಡ್ ಎಂಬ ವೈದ್ಯರು ಐದು ವರ್ಷ ದಾಟಿದ ಬಾಲಕನೊಬ್ಬನ ವಿಕೃತವಾದ ಒಂದು ಮೂತ್ರಪಿಂಡವನ್ನು ತೆಗೆದಾಗ ಅವನ ರಕ್ತದ ಒತ್ತಡವು ಸಹಜಸ್ಥಿತಿಗೆ ಇಳಿಯಿತು. ಆಮೇಲೆ ಒತ್ತಡವುಳ್ಳ ರೋಗಿಯಲ್ಲಿ ಒಂದು ಪಕ್ಕದ ಮೂತ್ರಪಿಂಡವು ಕುಗ್ಗಿರುವುದು ಕಂಡರೆ ಅದನ್ನು ತೆಗೆದುಹಾಕುವ ಪದ್ಧತಿಯು ಹರಡಿತು. ಹೋಮರ್ ಸ್ಮಿತ್ ಎಂಬ ಪ್ರಸಿದ್ಧ ಶರೀರಶಾಸ್ತ್ರಜ್ಞನು ೧೯೫೬ರಲ್ಲಿ ಇಂತಹ ೫೭೫ ಪ್ರಸಂಗಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದಾಗ, ಗುಣಹೊಂದಿದವರು ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರವೆಂದು ತಿಳಿಯಿತು. ಮಿಕ್ಕ ಮೂರು ಪಾಲು ಜನ ಅಂಗವನ್ನು ಕಳೆದುಕೊಂಡರು, ಒತ್ತಡವು ಉಳಿಯಿತು.

೪. ಸಾಹಚರ್ಯ, ವ್ಯಾಪ್ತಿ, ಉಪಾಧಿ

ಇಲ್ಲಿ ದೋಷವು ಎಲ್ಲಿತ್ತು? ಗೋಲ್ಡ್‌ಬ್ಲಾಟನ ಪ್ರಯೋಗದಲ್ಲಿ ದೋಷವಿರಲಿಲ್ಲ. ಅದನ್ನಾಧರಿಸಿ ಮಾಡಿದ ಅನುಮಾನದಲ್ಲಿತ್ತು. ಇಕ್ಕಟ್ಟು ಒತ್ತಡವನ್ನು ಉಂಟುಮಾಡಬಲ್ಲದು ಎಂಬುದರಿಂದ, ಇಕ್ಕಟ್ಟೂ ಒತ್ತಡವೂ ಒಬ್ಬನಲ್ಲಿಯೇ ಕಂಡರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂಬುದು ಸಿದ್ಧಿಸಲಾರದು.

ತರ್ಕಶಾಸ್ತ್ರದಲ್ಲಿ ಹೇತುವಿಗೂ ಸಾಧ್ಯಕ್ಕೂ ಇರುವ ನಿಯತವಾದ ಸಾಹಚರ್ಯಕ್ಕೆ ವ್ಯಾಪ್ತಿಯೆಂದು ಹೆಸರು. ಹೊಗೆಯಿದ್ದಲ್ಲಿ ಬೆಂಕಿಯಿರುವುದು, ಇದು ವ್ಯಾಪ್ತಿ. ಬೆಂಕಿಯಿದ್ದಲ್ಲಿ ಹೊಗೆಯಿರುವುದೆಂದರೆ ಅದು ವ್ಯಾಪ್ತಿಯಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಯ ಸೌದೆಯ ಸಂಬಂಧವೆಂಬ ಉಪಾಧಿಯು ಇದ್ದಾಗ ಮಾತ್ರ ಬೆಂಕಿಯಿಂದ ಹೊಗೆಯೇಳುವುದು. ಪ್ರಕೃತ ವಿಷಯದಲ್ಲಿಯೂ ಹೀಗೆಯೇ. ಇಕ್ಕಟ್ಟು ಬೆಂಕಿಯ ಸ್ಥಾನದಲ್ಲಿದೆ, ಒತ್ತಡವು ಹೊಗೆಯ ಸ್ಥಾನದಲ್ಲಿದೆ. ಇಕ್ಕಟ್ಟಿನಿಂದಾಚೆಗೆ ಒತ್ತಡವನ್ನು ಕುಗ್ಗಿಸಿ ರೆನಿನ್ನನ್ನು ಹೊರಡಿಸುವಷ್ಟು ಬಲವಾದ ತಡೆಯೇ ಹಸಿಯ ಸೌದೆ. ಆ ಉಪಾಧಿಯಿಲ್ಲದ ಇಕ್ಕಟ್ಟು ಎಷ್ಟು ಮಂದಿಯಲ್ಲಿದ್ದರೂ ಒತ್ತಡಕ್ಕೆ ಕಾರಣವಾಗದು.

ಹಾಗೆ ಕಾರಣವಾಗದ ಇಕ್ಕಟ್ಟು ಎಷ್ಟು ಸಾಧಾರಣವೆಂಬುದು ೧೯೬೦ರ ಅನಂತರದ ಶೋಧಗಳಿಂದ ವ್ಯಕ್ತವಾಯಿತು. ಅಮೆರಿಕದಲ್ಲಿ ಐಲರ್ ಮತ್ತು ಸಹಚರರು ೧೯೬೨ರಲ್ಲಿ ಪ್ರಕಟಿಸಿದ ಧಮನೀಚಿತ್ರಗಳ ಪರಿಶೀಲನೆಯಲ್ಲಿ, ರಕ್ತದ ಒತ್ತಡವು ಸಹಜವಾಗಿಯೇ ಇದ್ದವರಲ್ಲಿ ಕೂಡ ಸುಮಾರು ಮೂರನೆಯ ಒಂದು ಪಾಲು ಮಂದಿಗೆ ಮೂತ್ರಪಿಂಡದ ಧಮನಿಯಲ್ಲಿ ವಿಕಾರವು ಕಂಡುಬಂದಿತು. ಒತ್ತಡವುಳ್ಳವರಲ್ಲಿ ಈ ಪ್ರಮಾಣವು ಅದರ ಇಮ್ಮಡಿಯಷ್ಟಿತ್ತು. ಆದುದರಿಂದ ಸಂಬಂಧವುಂಟು, ನಿಯಮವಿಲ್ಲ. ಸಂಬಂಧದಲ್ಲಿಯೂ ಬೀಜಾಂಕುರನ್ಯಾಯವು ತೋರುವುದು. ಇಕ್ಕಟ್ಟಿನಿಂದ ಒತ್ತಡವು ಏರುವಂತೆಯೇ, ಬಹುಕಾಲದ ಒತ್ತಡದಿಂದ ಧಮನೀಕಾಠಿನ್ಯವು ಬೆಳೆದು ಇಕ್ಕಟ್ಟು ಉಂಟಾಗುವುದು. ವಯಸ್ಸು, ಹೊಗೆಸೊಪ್ಪಿನ ಸೇವನೆ, ಮಧುಮೇಹ ಇವು ಎರಡಕ್ಕೂ ಪೋಷಕವಾಗಿ ನಿಲ್ಲುವುವು. ಒಂದೇ ಬೇರಿನಿಂದ ಎದ್ದ ಎರಡು ಕವಲುಗಳಲ್ಲಿ ಒಂದನ್ನು ಇನ್ನೊಂದರ ತಾಯಿಯೆಂದು ಹೇಳುವುದು ಹೇಗೆ?

೫. ಸಂಖ್ಯೆಗಳು

ವೈದ್ಯರು ವ್ಯಾಪ್ತಿಯೆಂದು ಹೇಳುವಾಗ ತಾರ್ಕಿಕರ ಅರ್ಥವು ವಿವಕ್ಷಿತವಲ್ಲ. ಒಂದು ಸಮೂಹದಲ್ಲಿ ಒಂದು ಕಾಲದಲ್ಲಿ ವ್ಯಾಧಿಯುಳ್ಳವರು ನೂರಕ್ಕೆ ಎಷ್ಟು ಎಂಬುದೇ ಅವರ ವ್ಯಾಪ್ತಿ. ಈ ಅರ್ಥದಲ್ಲಿ ದೊರೆತಿರುವ ಮುಖ್ಯ ಸಂಖ್ಯೆಗಳನ್ನು ಕ್ರಮವಾಗಿ ನೋಡಬಹುದು.

ಮೊದಲನೆಯದು, ಶವಪರೀಕ್ಷೆ. ಶ್ವಾರ್ಟ್ಸ್ ಮತ್ತು ವೈಟ್ ಎಂಬವರು ಯಾವ ಆಯ್ಕೆಯನ್ನೂ ಮಾಡದೆ ಶವಗಳನ್ನು ಪರೀಕ್ಷಿಸಿ ೧೯೬೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ತೀವ್ರವಾದ ಇಕ್ಕಟ್ಟು, ೬೫ ವರ್ಷ ತುಂಬದವರಲ್ಲಿ ಶೇಕಡಾ ಸುಮಾರು ೫, ೬೫ರಿಂದ ೭೪ರವರೆಗಿನವರಲ್ಲಿ ೧೮, ೭೫ನ್ನು ಮೀರಿದವರಲ್ಲಿ ೪೨ ಎಂದು ಕಂಡುಬಂದಿತು. ವಯಸ್ಸಿನ ಪ್ರಭಾವವು ಇಲ್ಲಿ ಸ್ಪಷ್ಟವಾಗಿದೆ.

ಎರಡನೆಯದು, ಆರೋಗ್ಯವಾಗಿ ಮನೆಗಳಲ್ಲಿಯೇ ಇರುವ ವೃದ್ಧರು. ಅಮೆರಿಕದ ಉತ್ತರ ಕೆರೊಲೈನಾ ಸಂಸ್ಥಾನದ ಫಾರ್ಸೈತ್ ಪ್ರಾಂತದಲ್ಲಿ ಸರಾಸರಿ ೭೭ ವರ್ಷ ವಯಸ್ಸಿನ ೮೩೪ ಮಂದಿಯನ್ನು ಶಬ್ದತರಂಗಯಂತ್ರದಿಂದ ಪರೀಕ್ಷಿಸಿ, ೨೦೦೨ರಲ್ಲಿ ಹ್ಯಾನ್ಸೆನ್ ಮತ್ತು ಸಹಚರರು ವರದಿಯನ್ನು ಪ್ರಕಟಿಸಿದರು. ಶೇಕಡಾ ೬೦ಕ್ಕೆ ಕಡಮೆಯಿಲ್ಲದ ಇಕ್ಕಟ್ಟು ಶೇಕಡಾ ೬.೮ ಮಂದಿಯಲ್ಲಿ ಕಂಡಿತು, ಪುರುಷರಲ್ಲಿ ೯.೧, ಸ್ತ್ರೀಯರಲ್ಲಿ ೫.೫. ಬಿಳಿಯರಲ್ಲಿಯೂ ಕರಿಯರಲ್ಲಿಯೂ ಪ್ರಮಾಣವು ಹೆಚ್ಚು ಕಡಮೆ ಒಂದೇ ಆಗಿತ್ತು.

ಮೂರನೆಯದು, ಹೃದಯದ ಧಮನಿಗಳ ಪರೀಕ್ಷೆಗೆಂದು ಬಂದವರು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹಾರ್ಡಿಂಗ್ ಮತ್ತು ಸಹಚರರು ಇಂತಹ ೧,೩೦೨ ಮಂದಿಯಲ್ಲಿ ಹೃದಯದ ಪರೀಕ್ಷೆಯ ಜೊತೆಗೆ ಮೂತ್ರಪಿಂಡದ ಧಮನಿಗಳ ಚಿತ್ರವನ್ನೂ ತೆಗೆದು ೧೯೯೨ರಲ್ಲಿ ಪ್ರಕಟಿಸಿದರು. ಅಲ್ಪವೋ ಅಧಿಕವೋ ಇಕ್ಕಟ್ಟು ಶೇಕಡಾ ೩೦ ಮಂದಿಯಲ್ಲಿತ್ತು. ವ್ಯಾಸದಲ್ಲಿ ಅರ್ಧಕ್ಕೆ ಕಡಮೆಯಿಲ್ಲದ ಇಕ್ಕಟ್ಟು ಎಂದು ನಿಯಮವಿಟ್ಟರೆ ಅದು ಶೇಕಡಾ ೧೫ಕ್ಕೆ ಇಳಿಯಿತು. ಅವರಲ್ಲಿ ೧೧ ಮಂದಿಗೆ ಒಂದು ಪಕ್ಕ, ೪ ಮಂದಿಗೆ ಎರಡು ಪಕ್ಕ. ವಯಸ್ಸು ಹೆಚ್ಚಾದಂತೆಯೂ, ಹೃದಯದ ಧಮನಿಗಳ ರೋಗವು ತೀವ್ರವಾದಂತೆಯೂ ಇಕ್ಕಟ್ಟು ಹೆಚ್ಚುತ್ತಿತ್ತು.

ನಾಲ್ಕನೆಯದು, ಮಹಾಧಮನಿಯಲ್ಲಿಯೂ ಕಾಲುಗಳಲ್ಲಿಯೂ ರೋಗವುಳ್ಳವರು. ಕ್ಲೀವ್‌ಲೆಂಡಿನಲ್ಲಿಯೇ ಓಲಿನ್ ಮತ್ತು ಸಹಚರರು ೩೯೫ ಮಂದಿಯ ಧಮನೀಚಿತ್ರಗಳನ್ನು ಪರಿಶೀಲಿಸಿ ೧೯೯೦ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಬಹುಮಾನ್ಯವಾದುದು. ಅರ್ಧಕ್ಕಿಂತ ಹೆಚ್ಚಾದ ಇಕ್ಕಟ್ಟು, ಹೊಟ್ಟೆಯ ಮಹಾಧಮನಿಯು ಉಬ್ಬಿದವರಲ್ಲಿ ಶೇಕಡಾ ೩೮, ಮಹಾಧಮನಿಯು ಕಟ್ಟಿಕೊಂಡವರಲ್ಲಿ ೩೩, ಕಾಲಿನ ಧಮನಿಗಳ ರೋಗವುಳ್ಳವರಲ್ಲಿ ೩೯ ಎಂದು ಕಂಡಿತು. ಇವರಾರಲ್ಲಿಯೂ ಮೂತ್ರಪಿಂಡದ ಧಮನಿಯ ವಿಕಾರವನ್ನು ಮೊದಲೇ ಶಂಕಿಸಿ ಚಿತ್ರವನ್ನು ತೆಗೆದುದಲ್ಲವೆಂಬುದು ಗಮನಾರ್ಹ.

ಐದನೆಯದು, ಇವೆಲ್ಲವುಗಳ ಸಮುಚ್ಚಯ. ಡಿ ಮಾಸ್ಟ್ ಮತ್ತು ಬ್ಯೂಟ್ಲರ್ ಎಂಬ ಡಚ್ ವೈದ್ಯರು ೪೦ ಅಧ್ಯಯನಗಳ ೧೫,೮೭೯ ರೋಗಿಗಳ ಲೆಕ್ಕವನ್ನು ಒಂದುಗೂಡಿಸಿ ೨೦೦೯ರಲ್ಲಿ ಪ್ರಕಟಿಸಿದರು. ಹೃದಯದ ಧಮನಿಗಳ ಪರೀಕ್ಷೆಗೆ ಬಂದವರಲ್ಲಿ ಶೇಕಡಾ ೧೦.೫, ಅವರಲ್ಲಿಯೇ ರಕ್ತದ ಒತ್ತಡವುಳ್ಳವರಲ್ಲಿ ೧೭.೮, ಕಾಲಿನ ಧಮನಿಗಳ ರೋಗವುಳ್ಳವರಲ್ಲಿ ೨೫.೩, ಹೊಟ್ಟೆಯ ಮಹಾಧಮನಿಯು ಉಬ್ಬಿದವರಲ್ಲಿ ೩೩.೧ ಎಂದು ಫಲಿತವಾಯಿತು.

೬. ಭೇದಕ್ಕೆ ಕಾರಣ

ಈ ಸಂಖ್ಯೆಗಳ ಭೇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಒಂದು, ಯಾರನ್ನು ಪರೀಕ್ಷಿಸಿತು ಎಂಬುದು. ಮಹಾಧಮನಿಯ ದಿಬ್ಬವೇ ಶಾಖೆಯ ಬಾಯಿಗೆ ಚಾಚಿಕೊಳ್ಳುವುದೆಂದು ಹಿಂದೆ ಹೇಳಿದೆ. ಆದುದರಿಂದ ಹೊಟ್ಟೆಯ ಮಹಾಧಮನಿಯಲ್ಲಿಯೂ ಅದರ ಮುಂದಿನ ಭಾಗವಾದ ಕಾಲಿನ ಧಮನಿಗಳಲ್ಲಿಯೂ ರೋಗವುಳ್ಳವರಲ್ಲಿ ನೆರೆಯ ಮೂತ್ರಪಿಂಡ ಧಮನಿಗಳು ಸಿಕ್ಕಿಬೀಳುವ ಸಂಭವವು ಹೆಚ್ಚು; ದೂರದ ಹೃದಯ ಧಮನಿಗಳಲ್ಲಿ ಮಾತ್ರ ರೋಗವುಳ್ಳವರಲ್ಲಿ ಕಡಮೆ. ಹುಡುಕದೆ ಇದ್ದಲ್ಲಿ ಸಂಖ್ಯೆಯು ಇನ್ನೂ ಕುಗ್ಗುವುದು. ಅಮೆರಿಕದ ಸರಕಾರೀ ವೃದ್ಧಾರೋಗ್ಯ ವಿಮೆಯ ದಾಖಲೆಗಳನ್ನು ಆಧರಿಸಿ ಕಾಲ್ರಾ ಮತ್ತು ಸಹಚರರು ೨೦೦೫ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಈ ವ್ಯಾಧಿಯು ಶೇಕಡಾ ೦.೫ ಮಾತ್ರ. ಫಾರ್ಸೈತ್ ಪ್ರಾಂತದ ೬.೮ಕ್ಕೂ ಇದಕ್ಕೂ ವಿರೋಧವಿಲ್ಲ. ಒಂದು, ಯಂತ್ರವಿಟ್ಟು ಹುಡುಕಿ ಎಣಿಸಿದುದು, ಇನ್ನೊಂದು, ವೈದ್ಯರ ದಾಖಲೆಯಲ್ಲಿ ಹೆಸರು ಬಿದ್ದವರನ್ನು ಎಣಿಸಿದುದು. ಹೆಚ್ಚಿನವರು ತಮ್ಮಲ್ಲಿ ಇಕ್ಕಟ್ಟಿರುವುದನ್ನು ಅರಿಯದೆಯೇ ಇರುವರೆಂಬುದು ಇದರಿಂದ ತಿಳಿಯುವುದು.

ಎರಡು, ಎಷ್ಟು ಕಿರಿದಾದರೆ ಇಕ್ಕಟ್ಟು ಎಂಬುದು. ಡ್ಯೂಕ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ರೋಗಿಗಳು ಅವರೇ, ಚಿತ್ರಗಳೂ ಅವೇ. ನಿಯಮವು ಬದಲಾದ ಮಾತ್ರಕ್ಕೆ ೩೦ ಇದ್ದುದು ೧೫ ಆಯಿತು. ಇದಲ್ಲದೆ, ಅರ್ಧ ಇಕ್ಕಟ್ಟು ಎಂಬ ಮಾತು ವ್ಯಾಸದ ಲೆಕ್ಕ. ವ್ಯಾಸವು ಅರ್ಧವಾದರೆ ದ್ವಾರದ ವಿಸ್ತಾರವು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದೆಂಬುದು ರೇಖಾಗಣಿತವನ್ನು ಬಲ್ಲವರಿಗೆ ವಿದಿತವೇ ಆಗಿದೆ. ಇಷ್ಟು ಕಿರಿದಾದರೂ ರಕ್ತದ ಹರಿವಿಗೆ ಬಹುಮಟ್ಟಿಗೆ ಕುಂದು ಬಾರದು; ವ್ಯಾಸದಲ್ಲಿ ಶೇಕಡಾ ೭೦ರಷ್ಟು ಮುಚ್ಚಿದ ಮೇಲೆಯೇ ತಡೆಯು ಪ್ರಬಲವಾಗುವುದು. ಹಾಗಾದರೆ ಶೇಕಡಾ ೩೯ ಮಂದಿಯಲ್ಲಿ ಇಕ್ಕಟ್ಟೆಂಬುದು ನಿಜವಾದರೂ, ಅವರಲ್ಲಿ ಮೂತ್ರಪಿಂಡಕ್ಕೆ ರಕ್ತದ ಕೊರತೆಯುಂಟಾದವರು ಅದಕ್ಕಿಂತ ಬಹಳ ಕಡಮೆ.

ಮೂರು, ಯಾವ ಸಾಧನದಿಂದ ನೋಡಿತು ಎಂಬುದು. ಶವದಲ್ಲಿ ಧಮನಿಯನ್ನು ಸೀಳಿ ನೋಡುವುದು, ವರ್ಣದ್ರವ್ಯವನ್ನು ತುಂಬಿ ಚಿತ್ರ ತೆಗೆಯುವುದು, ಶಬ್ದತರಂಗದಿಂದ ರಕ್ತದ ವೇಗವನ್ನು ಅಳೆಯುವುದು, ಇವು ಮೂರೂ ಬೇರೆ ಬೇರೆ ಪ್ರಮಾಣಗಳು. ಮೊದಲಿನೆರಡು ಆಕಾರವನ್ನು ತೋರಿಸುವುವು. ಮೂರನೆಯದು ವೇಗದಿಂದ ಆಕಾರವನ್ನು ಅನುಮಾನಿಸುವುದು.

೭. ಪ್ರಯೋಜನವಿಚಾರ

ಇಲ್ಲಿ ಒಂದು ಶಂಕೆಯು ಏಳುವುದು. ಇಕ್ಕಟ್ಟು ಇಷ್ಟು ಸಾಧಾರಣವಾಗಿದ್ದರೆ, ಧಮನೀಕಾಠಿನ್ಯವುಳ್ಳವರೆಲ್ಲರನ್ನೂ ಪರೀಕ್ಷಿಸಿ, ಇಕ್ಕಟ್ಟು ಕಂಡಲ್ಲೆಲ್ಲ ಅದನ್ನು ಬಿಡಿಸಬಾರದೇಕೆ? ಬಿಡಿಸುವ ಉಪಾಯವು ಇಲ್ಲದಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗನು ಸಣ್ಣ ಬೆಲೂನನ್ನು ಧಮನಿಯೊಳಗೆ ತೂರಿಸಿ ಊದಿ ಇಕ್ಕಟ್ಟನ್ನು ಅಗಲಿಸಿದುದನ್ನು ೧೯೭೮ರಲ್ಲಿ ಪ್ರಕಟಿಸಿದನು. ಅನಂತರ ಧಮನಿಯು ಮತ್ತೆ ಕುಸಿಯದಂತೆ ಲೋಹದ ಜಾಲರಿಯನ್ನು, ಎಂದರೆ ಸ್ಟೆಂಟನ್ನು, ಇಡುವ ಪದ್ಧತಿಯು ಬಂದಿತು.

ಈ ಶಂಕೆಗೆ ಸಮಾಧಾನವನ್ನು ಎರಡು ದೊಡ್ಡ ಪರೀಕ್ಷೆಗಳು ಕೊಟ್ಟಿವೆ. ಆಸ್ಟ್ರಲ್ ಎಂಬ ಪರೀಕ್ಷೆಯಲ್ಲಿ ೮೦೬ ರೋಗಿಗಳನ್ನೂ, ಕೋರಲ್ ಎಂಬುದರಲ್ಲಿ ೯೪೭ ರೋಗಿಗಳನ್ನೂ ಚೀಟಿಯೆತ್ತುವ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಔಷಧವನ್ನು ಮಾತ್ರವೂ ಇನ್ನೊಂದಕ್ಕೆ ಔಷಧದೊಡನೆ ಧಮನಿಯನ್ನು ಬಿಡಿಸುವ ಚಿಕಿತ್ಸೆಯನ್ನೂ ಕೊಟ್ಟರು. ಮೊದಲನೆಯದರ ಫಲವು ೨೦೦೯ರಲ್ಲಿಯೂ ಎರಡನೆಯದರದು ೨೦೧೪ರಲ್ಲಿಯೂ ಪ್ರಕಟವಾದವು. ಮೂತ್ರಪಿಂಡದ ರಕ್ಷಣೆಯಲ್ಲಾಗಲಿ, ಹೃದಯದ ವಿಪತ್ತುಗಳಲ್ಲಾಗಲಿ, ಮರಣದಲ್ಲಾಗಲಿ ಎರಡು ಗುಂಪುಗಳಿಗೆ ಗಣನೀಯವಾದ ಭೇದವು ಕಾಣಲಿಲ್ಲ. ೧೯೫೬ರಲ್ಲಿ ಸ್ಮಿತ್ತನು ಮೂತ್ರಪಿಂಡಗಳನ್ನು ತೆಗೆದವರ ವಿಷಯದಲ್ಲಿ ಕಂಡ ಪಾಠವೇ ಅರ್ಧ ಶತಮಾನದ ಮೇಲೆ ಮತ್ತೊಂದು ರೂಪದಿಂದ ದೊರೆತಂತಾಯಿತು. ಆದರೆ ಈ ಮಾತಿಗೆ ಅಪವಾದಗಳುಂಟು. ಹಠಾತ್ತಾಗಿ ಶ್ವಾಸಕೋಶದಲ್ಲಿ ನೀರು ತುಂಬಿ ಮತ್ತೆ ಮತ್ತೆ ಉಸಿರು ಕಟ್ಟುವವರು, ಅನೇಕ ಔಷಧಗಳಿಗೂ ಒತ್ತಡವು ಬಗ್ಗದವರು, ಮೂತ್ರಪಿಂಡದ ಶಕ್ತಿಯು ವೇಗವಾಗಿ ಕುಂದುತ್ತಿರುವವರು, ಇಂತಹವರು ಆ ಪರೀಕ್ಷೆಗಳಲ್ಲಿ ವಿರಳವಾಗಿದ್ದರು. ಅವರಲ್ಲಿ ಇಕ್ಕಟ್ಟನ್ನು ಬಿಡಿಸುವುದರಿಂದ ಪ್ರಯೋಜನವಾಗಬಹುದೆಂದು ತಜ್ಞರು ಈಗಲೂ ಭಾವಿಸುವರು.

ಹಾಗಾದರೆ ವ್ಯಾಪ್ತಿಯನ್ನು ತಿಳಿದುದರಿಂದ ಫಲವೇನು? ಎರಡು ಫಲಗಳುಂಟು. ಒಂದನೆಯದು, ಔಷಧದ ವಿಷಯದಲ್ಲಿ ಎಚ್ಚರ. ಆಂಜಿಯೊಟೆನ್ಸಿನ್ನಿನ ಉತ್ಪತ್ತಿಯನ್ನು ತಡೆಯುವ ಔಷಧಗಳು ಒತ್ತಡಕ್ಕೂ ಹೃದಯರೋಗಕ್ಕೂ ಬಹುವಾಗಿ ಬಳಕೆಯಲ್ಲಿವೆ. ಅವು ಉತ್ತಮವಾದ ಔಷಧಗಳೇ. ಆದರೆ ಎರಡು ಪಕ್ಕದ ಧಮನಿಗಳೂ ಇಕ್ಕಟ್ಟಾದವರಲ್ಲಿ, ಅಥವಾ ಇರುವ ಒಂದೇ ಮೂತ್ರಪಿಂಡದ ಧಮನಿಯು ಇಕ್ಕಟ್ಟಾದವರಲ್ಲಿ, ಸೋಸುವ ಕಾರ್ಯವು ಆ ದ್ರವ್ಯದ ಬಲದಿಂದಲೇ ನಡೆಯುತ್ತಿರುವುದು; ಅದನ್ನು ತಡೆದರೆ ಮೂತ್ರಪಿಂಡದ ಕೆಲಸವು ಹಠಾತ್ತಾಗಿ ಕುಗ್ಗಬಹುದು. ಇದನ್ನು ೧೯೮೩ರಲ್ಲಿಯೇ ವೈದ್ಯರು ವರದಿಮಾಡಿದರು. ಆದಕಾರಣ ಕಾಲಿನ ಧಮನಿಗಳ ರೋಗವುಳ್ಳ ವೃದ್ಧರಿಗೆ ಈ ಔಷಧವನ್ನು ಆರಂಭಿಸಿದ ಒಂದೆರಡು ವಾರಗಳಲ್ಲಿ ರಕ್ತಪರೀಕ್ಷೆಯನ್ನು ಮಾಡಿಸುವುದು ವಿಹಿತ. ಬಹುಮಂದಿಯಲ್ಲಿ ಔಷಧವು ಒಗ್ಗುವುದು. ಒಗ್ಗದವರಲ್ಲಿ ವೈದ್ಯನು ಅದನ್ನು ನಿಲ್ಲಿಸಿದರೆ ಮೂತ್ರಪಿಂಡವು ಸಾಮಾನ್ಯವಾಗಿ ಚೇತರಿಸಿಕೊಳ್ಳುವುದು. ನಾಲ್ವರಲ್ಲೊಬ್ಬನಿಗೆ ಇಕ್ಕಟ್ಟಿರಬಹುದೆಂಬ ಅರಿವೇ ಈ ಎಚ್ಚರಕ್ಕೆ ಮೂಲ.

ಎರಡನೆಯದು, ಇಕ್ಕಟ್ಟನ್ನು ಲಿಂಗವಾಗಿ, ಎಂದರೆ ಚಿಹ್ನೆಯಾಗಿ, ಗ್ರಹಿಸುವುದು. ವೃದ್ಧರಲ್ಲಿ ಈ ಇಕ್ಕಟ್ಟು ಪತ್ತೆಯಾದ ಮೇಲೆ ಮೂತ್ರಪಿಂಡವು ಪೂರ್ತಿಯಾಗಿ ಕೆಟ್ಟು ಯಂತ್ರದ ಆಶ್ರಯವನ್ನು ಪಡೆಯುವವರಿಗಿಂತ, ಹೃದಯರೋಗಾದಿಗಳಿಂದ ಮರಣಹೊಂದುವವರು ಹಲವು ಪಾಲು ಹೆಚ್ಚೆಂದು ಕಾಲ್ರಾ ಮತ್ತು ಸಹಚರರ ಲೆಕ್ಕದಿಂದ ತಿಳಿಯುವುದು. ಧಮನಿಯೊಂದರ ಬಾಯಿಯಲ್ಲಿ ಕಂಡ ದಿಬ್ಬವು ಸರ್ವಧಮನಿಗಳ ಸ್ಥಿತಿಯನ್ನು ಸೂಚಿಸುವುದು. ಆದುದರಿಂದ ಚಿಕಿತ್ಸೆಯೂ ಸರ್ವಾಂಗವನ್ನು ಕುರಿತುದಾಗಿರಬೇಕು: ಹೊಗೆಸೊಪ್ಪನ್ನು ಬಿಡುವುದು, ಒತ್ತಡವನ್ನೂ ಮಧುಮೇಹವನ್ನೂ ಹತೋಟಿಯಲ್ಲಿಡುವುದು, ರಕ್ತದ ಮೇದಸ್ಸನ್ನು ತಗ್ಗಿಸುವ ಔಷಧವನ್ನು ಸೇವಿಸುವುದು.

ಉಪಸಂಹಾರ

ಇದುವರೆಗಿನ ವಿಚಾರದಿಂದ ನಿಷ್ಪನ್ನವಾದುದಿಷ್ಟು. ಧಮನೀಕಾಠಿನ್ಯವುಳ್ಳವರಲ್ಲಿ ಮೂತ್ರಪಿಂಡ ಧಮನಿಗಳ ಇಕ್ಕಟ್ಟು ವಿರಳವಲ್ಲ. ಹೃದಯದಲ್ಲಿ ರೋಗವುಳ್ಳವರಲ್ಲಿ ಸುಮಾರು ಹತ್ತರಲ್ಲೊಬ್ಬನಿಗೂ, ಕಾಲಿನಲ್ಲಿ ರೋಗವುಳ್ಳವರಲ್ಲಿ ನಾಲ್ವರಲ್ಲೊಬ್ಬನಿಗೂ, ಹೊಟ್ಟೆಯ ಮಹಾಧಮನಿಯು ಉಬ್ಬಿದವರಲ್ಲಿ ಮೂವರಲ್ಲೊಬ್ಬನಿಗೂ ಇದು ಇರಬಹುದು. ಇರುವುದೆಂದ ಮಾತ್ರಕ್ಕೆ ಬಾಧಿಸುವುದೆಂದಲ್ಲ. ಬಾಧಿಸುವುದೆಂದ ಮಾತ್ರಕ್ಕೆ ಬಿಡಿಸಿದರೆ ಗುಣವಾಗುವುದೆಂದಲ್ಲ. ಈ ಮೂರೂ ಬೇರೆ ಬೇರೆ ಪ್ರತಿಜ್ಞೆಗಳು. ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣವು ಬೇಕು.

ಕನ್ನಡದಲ್ಲಿ ವೈದ್ಯವಿಷಯಗಳನ್ನು ಬರೆಯುವವರೂ ಬೋಧಿಸುವವರೂ ಇಂತಹ ಸಂಖ್ಯೆಯನ್ನು ಉದಾಹರಿಸುವಾಗ, ಯಾರಲ್ಲಿ, ಎಷ್ಟು ಇಕ್ಕಟ್ಟಿಗೆ, ಯಾವ ಪರೀಕ್ಷೆಯಿಂದ ಎಂಬ ಮೂರು ವಿಶೇಷಣಗಳನ್ನೂ ಜೊತೆಗೂಡಿಸುವುದು ಉಚಿತ. ವ್ಯಾಪ್ತಿಯೆಂಬ ಒಂದೇ ಶಬ್ದವು ತಾರ್ಕಿಕರಲ್ಲಿ ನಿಯಮವನ್ನೂ ವೈದ್ಯರಲ್ಲಿ ಎಣಿಕೆಯನ್ನೂ ಹೇಳುತ್ತಿರುವುದರಿಂದ, ಎರಡನೆಯ ಅರ್ಥಕ್ಕೆ ವ್ಯಾಪಕತೆಯೆಂಬ ಮಾತನ್ನು ಬೇರೆಯಾಗಿ ಇಟ್ಟುಕೊಂಡರೆ ಎಣಿಕೆಯನ್ನು ನಿಯಮವೆಂದು ಭ್ರಮಿಸುವ ಅವಕಾಶವು ತಪ್ಪುವುದು.